ಪ್ಲಗ್ ಕೀಳುವುದು ಯಾರು?

ಚಿಕ್ಕಪ್ಪನವರು ಆಸ್ಪತ್ರೆ ಸೇರಿ ಆರನೆಯ ದಿನ. 2025ರ ಮಳೆಗಾಲ. ಎಪ್ಪತ್ತೊಂಬತ್ತು ವರ್ಷದ ಆ ನಿವೃತ್ತ ಹೈಸ್ಕೂಲು ಮೇಷ್ಟ್ರು ಒಂದು ಬೆಳಿಗ್ಗೆ ಕಾಫಿ ಮುಗಿಸಿ ಪತ್ರಿಕೆ ಬಿಡಿಸಿ ಹಿಡಿಯುವಷ್ಟರಲ್ಲಿ ಕುಸಿದಿದ್ದರು. ಮೆದುಳಿನೊಳಗೆ ಭಾರಿ ರಕ್ತಸ್ರಾವ. ಬೆಂಗಳೂರಿನ ಖಾಸಗಿ ಆಸ್ಪತ್ರೆಯೊಂದರ ತೀವ್ರ ನಿಗಾ ಘಟಕದಲ್ಲಿ ಯಂತ್ರವೊಂದು ಅವರ ಪರವಾಗಿ ಉಸಿರಾಡುತ್ತಿತ್ತು. ಆ ಸಂಜೆ ನ್ಯೂಜೆರ್ಸಿಯಲ್ಲಿರುವ ಅವರ ಮಗ ದೂರವಾಣಿಯಲ್ಲಿ ಮೊದಲು ವೈದ್ಯರೊಡನೆ, ಆಮೇಲೆ ನಮ್ಮೊಡನೆ ಬಹಳ ಹೊತ್ತು ಮಾತನಾಡಿದ. ವೀಸಾದ ತೊಡಕಿನಿಂದಾಗಿ ಅವನು ಹೊರಟು ಬರುವಂತಿರಲಿಲ್ಲ. ಕೊನೆಗೆ ಗಂಟಲು ಕಟ್ಟಿದ ದನಿಯಲ್ಲಿ ಅವನು ಹೇಳಿದ್ದು ಇಂಗ್ಲಿಷಿನಲ್ಲಿ. ಇನ್ನು ‘ಪುಲ್ ದ ಪ್ಲಗ್’ ಮಾಡುವುದೇ ಸರಿಯೆಂದು ಕಾಣುತ್ತದೆ ಎಂಬುದು ಅದರ ತಾತ್ಪರ್ಯ. ಫೋನಿನ ಸ್ಪೀಕರ್ ಹಾಕಿತ್ತು. ಪಕ್ಕದಲ್ಲಿ ಚಿಕ್ಕಮ್ಮ ಕುಳಿತಿದ್ದರು.

ಚಿಕ್ಕಮ್ಮನಿಗೆ ಇಂಗ್ಲಿಷು ಅಷ್ಟಾಗಿ ಬಾರದು. ಆದರೆ ‘ಪ್ಲಗ್’ ಎಂಬುದು ಈಗ ಇಂಗ್ಲಿಷ್ ಪದವೇನೂ ಅಲ್ಲವಷ್ಟೆ. ಇಸ್ತ್ರಿಪೆಟ್ಟಿಗೆಯ ಪ್ಲಗ್ಗು, ಮಿಕ್ಸಿಯ ಪ್ಲಗ್ಗು ಎಂದು ದಿನಕ್ಕೆ ನಾಲ್ಕು ಬಾರಿ ಬಳಸುವ ಮಾತು. ಅವರು ಏನೂ ಕೇಳಲಿಲ್ಲ. ಮರುದಿನ ಬೆಳಿಗ್ಗೆ ಹತ್ತು ನಿಮಿಷದ ಭೇಟಿಗೆ ಒಳಗೆ ಬಿಟ್ಟಾಗ ಅವರು ಗಂಡನ ಮುಖ ನೋಡುವ ಮೊದಲು ಮಂಚದ ಹಿಂದಕ್ಕೆ ಬಾಗಿ ಗೋಡೆಯ ಬುಡವನ್ನು ನೋಡತೊಡಗಿದರು. ಏನೋ ಬೀಳಿಸಿಕೊಂಡಿರಬೇಕೆಂದು ನಾನೂ ಬಾಗಿದೆ. ‘ಪ್ಲಗ್ಗು ಸರಿಯಾಗಿ ಕೂತಿದೆಯೇನೋ ನೋಡೋ, ನನಗೆ ಕಣ್ಣು ಕಾಣೋದಿಲ್ಲ’ ಎಂದರು. ಅಂದಿನಿಂದ ದಿನಕ್ಕೆ ಎರಡು ಬಾರಿ ನಾನು ಆ ಪ್ಲಗ್ಗನ್ನು ನೋಡಿ ‘ಇದೆ ಚಿಕ್ಕಮ್ಮ’ ಎಂದು ವರದಿ ಒಪ್ಪಿಸಬೇಕಾಯಿತು. ಆಮೇಲೆಯೇ ಅವರು ಗಂಡನ ಕೈ ಹಿಡಿದುಕೊಳ್ಳುತ್ತಿದ್ದರು.

ನಗು ಬರುವ ಪ್ರಸಂಗವೇ. ಅಲ್ಲಿ ನಿಂತಿದ್ದವನಿಗೆ ಮಾತ್ರ ನಗು ಬರಲಿಲ್ಲ. ಮಗ ಆಡಿದ್ದು ಒಂದು ನುಡಿಗಟ್ಟು. ತಾಯಿ ಕೇಳಿಸಿಕೊಂಡದ್ದು ಗೋಡೆಯಲ್ಲಿರುವ ಮೂರು ಪಿನ್ನಿನ ಒಂದು ವಸ್ತುವನ್ನು. ಅವನಿಗಿಂತ ತಾಯಿಯೇ ಆ ಮಾತನ್ನು ಹೆಚ್ಚು ಸರಿಯಾಗಿ ಕೇಳಿಸಿಕೊಂಡರೇನೋ ಎಂಬ ಅನುಮಾನ ನನ್ನನ್ನು ಅಂದಿನಿಂದ ಬಿಟ್ಟಿಲ್ಲ.

ನಮ್ಮ ಅಲಂಕಾರಶಾಸ್ತ್ರದವರು ಮಾತಿನ ಅರ್ಥವನ್ನು ವಾಚ್ಯ, ಲಕ್ಷ್ಯ, ವ್ಯಂಗ್ಯ ಎಂದು ಬಿಡಿಸಿ ನೋಡುತ್ತಿದ್ದರು. ‘ಗಂಗೆಯಲ್ಲಿ ಹಟ್ಟಿ’ ಎಂಬುದು ಅವರ ಮುಚ್ಚಟೆಯ ಉದಾಹರಣೆ. ಹರಿಯುವ ನೀರಿನ ಮೇಲೆ ಹಟ್ಟಿ ಇರಲಾರದು. ಮುಖ್ಯಾರ್ಥಕ್ಕೆ ಬಾಧೆ ಬಂದಿತು. ಆದ್ದರಿಂದ ಗಂಗೆಯ ದಡದಲ್ಲಿ ಎಂದು ಅರ್ಥಮಾಡಿಕೊಳ್ಳುತ್ತೇವೆ. ಕಂಪನಿಯೊಂದು ತನ್ನ ಯೋಜನೆಯ ಪ್ಲಗ್ ಎಳೆಯಿತು ಎಂದು ಇಂಗ್ಲಿಷ್ ಪತ್ರಿಕೆ ಬರೆದರೆ ಯಾರೂ ಗೋಡೆಯತ್ತ ನೋಡುವುದಿಲ್ಲ. ಯೋಜನೆಗೆ ಪ್ಲಗ್ ಇಲ್ಲ, ಮುಖ್ಯಾರ್ಥ ತಾನಾಗಿ ಸರಿದು ಜಾಗ ಬಿಟ್ಟುಕೊಡುತ್ತದೆ. ಆದರೆ ಆಸ್ಪತ್ರೆಯ ಆ ಕೋಣೆಯಲ್ಲಿ ನಿಜವಾಗಿಯೂ ಒಂದು ಪ್ಲಗ್ ಇದೆ. ನಿಜವಾಗಿಯೂ ಅದನ್ನು ಕೀಳಬಹುದು. ವಾಚ್ಯವೂ ಲಕ್ಷ್ಯವೂ ಒಂದೇ ಮಂಚದ ಎರಡು ಬದಿಗಳಲ್ಲಿ ನಿಂತುಬಿಡುತ್ತವೆ. ತೊಡಕು ಇರುವುದು ಅಲ್ಲಿ.

ಈ ನುಡಿಗಟ್ಟಿನ ಹುಟ್ಟಿನ ಬಗ್ಗೆ ನಿಘಂಟುಕಾರರು ಕೊಡುವ ಒಂದು ವಿವರಣೆ ಅಷ್ಟೇನೂ ಘನವಾದದ್ದಲ್ಲ. ವಿದ್ಯುತ್ತು ಮನೆಮನೆಗೆ ಬರುವ ಮೊದಲು ‘ಪ್ಲಗ್’ ಎಂದರೆ ಬಿರಡೆ. ಹಳೆಯ ಮಾದರಿಯ ಶೌಚಾಲಯಗಳಲ್ಲಿ ನೀರು ಹರಿಯಬೇಕಾದರೆ ಬಿರಡೆಯನ್ನು ಎಳೆಯಬೇಕಿತ್ತು. ಎಳೆದರೆ ಇದ್ದದ್ದೆಲ್ಲ ಕೊಚ್ಚಿಹೋಯಿತು. ಈ ಮಾತು ಹಾಗೆ ಹುಟ್ಟಿರಬಹುದು ಎನ್ನುತ್ತಾರೆ. ಆಮೇಲೆ ಬಿರಡೆ ಹೋಗಿ ವಿದ್ಯುತ್ತಿನ ಪ್ಲಗ್ ಆ ಜಾಗಕ್ಕೆ ಬಂದಿತು. ಇಲ್ಲೊಂದು ಸಣ್ಣ ಸಂಗತಿಯನ್ನೂ ಗಮನಿಸಬೇಕು. ನಮ್ಮಲ್ಲಿ ಗೋಡೆಯ ಸಾಕೆಟ್ಟಿನ ಪಕ್ಕದಲ್ಲೇ ಸ್ವಿಚ್ಚು ಇರುತ್ತದೆ. ನಾವು ಪ್ಲಗ್ಗನ್ನು ಕೀಳುವುದು ಅಪರೂಪ, ಸ್ವಿಚ್ಚು ಆರಿಸಿ ಸುಮ್ಮನಾಗುತ್ತೇವೆ. ಅಮೆರಿಕದ ಮನೆಗಳ ಸಾಕೆಟ್ಟುಗಳಿಗೆ ಸಾಮಾನ್ಯವಾಗಿ ಅಂಥ ಸ್ವಿಚ್ಚಿಲ್ಲ. ಕೀಳುವುದೇ ಅಲ್ಲಿಯ ಅಭ್ಯಾಸ. ನುಡಿಗಟ್ಟುಗಳು ಗೋಡೆಯ ವೈರಿಂಗಿನ ಮೇಲೂ ಅವಲಂಬಿತವಾಗಿರುತ್ತವೆ.

ಉಸಿರಿನ ಯಂತ್ರಕ್ಕೆ ಮೊದಲಿನಿಂದಲೂ ಪ್ಲಗ್ ಇತ್ತೆಂದೇನೂ ಅಲ್ಲ. 1952ರಲ್ಲಿ ಡೆನ್ಮಾರ್ಕಿನ ಕೋಪನ್‌ಹೇಗನ್ ನಗರದಲ್ಲಿ ಪೋಲಿಯೊ ಭೀಕರವಾಗಿ ಹಬ್ಬಿತು. ಉಸಿರಾಟದ ಸ್ನಾಯುಗಳೇ ಸೋತ ಮಕ್ಕಳು ಆಸ್ಪತ್ರೆಗೆ ಸಾಲುಗಟ್ಟಿದರು. ಇದ್ದ ಕಬ್ಬಿಣದ ಶ್ವಾಸಯಂತ್ರಗಳು ಯಾವ ಮೂಲೆಗೂ ಸಾಲುವಂತಿರಲಿಲ್ಲ. ಆಗ ಬ್ಯೋರ್ನ್ ಇಬ್ಸೆನ್ ಎಂಬ ಅರಿವಳಿಕೆ ತಜ್ಞ ರೋಗಿಯ ಕುತ್ತಿಗೆಯಲ್ಲಿ ರಂಧ್ರ ಮಾಡಿ, ಕೊಳವೆ ಇಳಿಸಿ, ರಬ್ಬರಿನ ಚೀಲವನ್ನು ಕೈಯಿಂದ ಒತ್ತುತ್ತ ಗಾಳಿ ಊದುವ ಉಪಾಯವನ್ನು ಮಾಡಿ ತೋರಿಸಿದ. ಸುಮಾರು 1500 ವೈದ್ಯ ವಿದ್ಯಾರ್ಥಿಗಳು ತಿಂಗಳುಗಟ್ಟಲೆ, ಹಗಲು ರಾತ್ರಿ ಪಾಳಿಯ ಮೇಲೆ ಮಕ್ಕಳ ತಲೆದೆಸೆಯಲ್ಲಿ ಕುಳಿತು ಚೀಲ ಒತ್ತಿದರು. ಸಾವಿನ ಪ್ರಮಾಣ ಗಣನೀಯವಾಗಿ ಇಳಿಯಿತು. ತೀವ್ರ ನಿಗಾ ಘಟಕ ಎಂಬ ಕಲ್ಪನೆ ಬೆಳೆದದ್ದೇ ಆ ವಾರ್ಡುಗಳಿಂದ. ಅಲ್ಲಿ ಕೀಳಲು ಪ್ಲಗ್ ಇರಲಿಲ್ಲ. ಇದ್ದದ್ದು ಒಬ್ಬ ವಿದ್ಯಾರ್ಥಿಯ ಕೈ. ಆ ಕೈ ನಿಂತರೆ ಉಸಿರು ನಿಂತಿತು. ಒಂದು ಕ್ಷಣ ಯೋಚಿಸಿ, ಅಲ್ಲಿ ‘ಕೈಬಿಡು’ ಎಂಬ ನಮ್ಮ ಕನ್ನಡದ ಕ್ರಿಯಾಪದಕ್ಕೆ ಯಾವ ಅರ್ಥವಿದ್ದಿರಬಹುದು? ಈ ಮಾತಿಗೆ ಮತ್ತೆ ಬರುತ್ತೇನೆ.

ವಿದ್ಯಾರ್ಥಿಯ ಕೈಯ ಕೆಲಸವನ್ನು ಯಂತ್ರ ವಹಿಸಿಕೊಂಡ ಮೇಲೆ ಇನ್ನೊಂದು ಬಗೆಯ ರೋಗಿ ಕಾಣಿಸಿಕೊಂಡ. ಮೊದಲಾಗಿದ್ದರೆ ಸತ್ತೇ ಹೋಗುತ್ತಿದ್ದವನು ಈಗ ಸಾಯುವುದೂ ಇಲ್ಲ, ಎಚ್ಚರಗೊಳ್ಳುವುದೂ ಇಲ್ಲ. ಆ ಬಗೆಯ ರೋಗಿಯನ್ನು ಜಗತ್ತಿಗೆ ಪರಿಚಯಿಸಿದ ಹೆಸರು ಕ್ಯಾರೆನ್ ಆನ್ ಕ್ವಿನ್ಲನ್. ನನ್ನ ಚಿಕ್ಕಪ್ಪನ ಮಗ ಈಗ ನೆಲೆಸಿರುವ ಅದೇ ನ್ಯೂಜೆರ್ಸಿಯ ಹುಡುಗಿ. 1975ರ ಏಪ್ರಿಲಿನಲ್ಲಿ, ಇಪ್ಪತ್ತೊಂದನೆಯ ವಯಸ್ಸಿನಲ್ಲಿ, ಒಂದು ಸಂತೋಷಕೂಟದ ರಾತ್ರಿ ಪ್ರಜ್ಞೆ ತಪ್ಪಿದಳು. ಉಸಿರು ನಿಂತು ಮೆದುಳಿಗೆ ಸರಿಪಡಿಸಲಾಗದ ಹಾನಿಯಾಗಿತ್ತು. ಶ್ರದ್ಧಾವಂತ ಕ್ಯಾಥೊಲಿಕ್ಕರಾದ ತಂದೆತಾಯಿ ಯಂತ್ರ ತೆಗೆಯಿರೆಂದು ಕೇಳಿದರು. ವೈದ್ಯರು ಒಪ್ಪಲಿಲ್ಲ. ಮೊಕದ್ದಮೆ ನಡೆದು, 1976ರ ಮಾರ್ಚ್ 31ರಂದು ನ್ಯೂಜೆರ್ಸಿಯ ಸುಪ್ರೀಂ ಕೋರ್ಟು ತಂದೆಯ ಪರವಾಗಿ ತೀರ್ಪು ಕೊಟ್ಟಿತು. ಅಮೆರಿಕಕ್ಕೆ ಅಮೆರಿಕವೇ ‘ಪ್ಲಗ್ ಎಳೆಯುವ’ ಕ್ಷಣಕ್ಕಾಗಿ ಉಸಿರು ಬಿಗಿಹಿಡಿದು ಕಾಯಿತು.

ಆ ಕ್ಷಣ ಬರಲೇ ಇಲ್ಲ. ವೈದ್ಯರು ಮೇ ತಿಂಗಳಲ್ಲಿ ಯಂತ್ರದ ನೆರವನ್ನು ಸ್ವಲ್ಪ ಸ್ವಲ್ಪವಾಗಿ ತಗ್ಗಿಸುತ್ತ ಬಂದರು. ಮಗುವಿಗೆ ಹಾಲು ಬಿಡಿಸಿದಂತೆ ಎನ್ನಬಹುದು, ವೈದ್ಯರ ಇಂಗ್ಲಿಷ್ ಪದದ ಅರ್ಥವೂ ಅದೇ. ಪೂರ್ತಿ ತೆಗೆದಾಗ ಕ್ಯಾರೆನ್ ತಾನೇ ಉಸಿರಾಡಿದಳು. ಒಂದು ದಿನವಲ್ಲ, ಒಂದು ವಾರವಲ್ಲ. 1985ರ ಜೂನ್ 11ರವರೆಗೆ, ಒಂಬತ್ತು ವರ್ಷ, ಎಚ್ಚರವಿಲ್ಲದೆ ಉಸಿರಾಡಿಕೊಂಡೇ ಇದ್ದು ನ್ಯುಮೋನಿಯಾದಿಂದ ತೀರಿಕೊಂಡಳು. ಕೊಳವೆಯ ಮೂಲಕ ಕೊಡುತ್ತಿದ್ದ ಆಹಾರವನ್ನು ನಿಲ್ಲಿಸಲು ತಂದೆತಾಯಿ ಕೇಳಿರಲೇ ಇಲ್ಲ. ಮಗಳು ಸಾಯಲೆಂದು ಅವರು ನ್ಯಾಯಾಲಯಕ್ಕೆ ಹೋದದ್ದಲ್ಲ, ಯಂತ್ರದ ಹಿಂಸೆ ತಪ್ಪಲೆಂದು ಹೋದದ್ದು. ಇವೆರಡರ ನಡುವಿನ ಅಂತರವನ್ನು ಹೇಳುವ ಶಕ್ತಿ ‘ಪುಲ್ ದ ಪ್ಲಗ್’ ಎಂಬ ಮಾತಿಗೆ ಇಲ್ಲ. ಅದರ ಪ್ರಕಾರ ಒಂದು ಕೈ, ಒಂದು ಸೆಳೆತ, ಕತ್ತಲೆ, ಅಷ್ಟೆ.

ಅಕ್ಷರಶಃ ನೋಡಿದರೂ ಈ ಮಾತು ಸುಳ್ಳು. ಇಂದಿನ ವೆಂಟಿಲೇಟರಿನ ಒಳಗೆ ಬ್ಯಾಟರಿ ಇರುತ್ತದೆ. ಗೋಡೆಯ ಪ್ಲಗ್ಗನ್ನು ಕಿತ್ತರೆ ಅದು ಕೂಗಿಕೊಳ್ಳುತ್ತದೆಯೇ ಹೊರತು ಕೂಡಲೇ ನಿಲ್ಲುವುದಿಲ್ಲ. ನಮ್ಮ ವಿದ್ಯುತ್ ಸರಬರಾಜನ್ನು ಬಲ್ಲ ಯಾರಿಗೂ ಇದರ ಅಗತ್ಯವನ್ನು ವಿವರಿಸಬೇಕಾಗಿಲ್ಲ. ಚೇತರಿಕೆಯ ಆಸೆಯಿಲ್ಲವೆಂದು ತೀರ್ಮಾನವಾದ ಮೇಲೆ ಬಲ್ಲ ವೈದ್ಯರು ಮಾಡುವ ಕೆಲಸವೇ ಬೇರೆ. ಮೊದಲು ರೋಗಿಗೆ ಉಸಿರು ಕಟ್ಟಿದ ಸಂಕಟವಾಗದಂತೆ ಮಾರ್ಫಿನ್ ಮೊದಲಾದ ಔಷಧಿ ಕೊಡುತ್ತಾರೆ. ಕೂಗುವ ಅಲಾರಮ್ಮುಗಳನ್ನು ಸುಮ್ಮನಾಗಿಸುತ್ತಾರೆ. ಯಂತ್ರದ ಒತ್ತಡ, ಆಮ್ಲಜನಕ ಇವನ್ನು ತಗ್ಗಿಸುತ್ತ ಬರುತ್ತಾರೆ. ಕೆಲವೊಮ್ಮೆ ಗಂಟಲಿನ ಕೊಳವೆಯನ್ನು ತೆಗೆದು ಬಾಯಿ ಒರೆಸುತ್ತಾರೆ. ದಿನಗಳಿಂದ ಪ್ಲಾಸ್ಟರಿನ ಅಡಿ ಮುಚ್ಚಿಹೋಗಿದ್ದ ಮುಖವನ್ನು ಮನೆಯವರು ಮತ್ತೆ ನೋಡುತ್ತಾರೆ. ಅಲ್ಲಿಂದ ಮುಂದೆ ನಿಮಿಷಗಳೋ ಗಂಟೆಗಳೋ, ಕೆಲವರಿಗೆ ದಿನಗಳೋ. ಕೊಲ್ಲುವುದು ರೋಗ. ಯಂತ್ರ ಅದಕ್ಕೆ ಅಡ್ಡಲಾಗಿ ನಿಂತಿತ್ತು, ಈಗ ಸರಿಯಿತು.

ಒಂದು ನುಡಿಗಟ್ಟು ಕಾನೂನಿನ ಕಲಮನ್ನೇ ಹೊಡೆದುಹಾಕಬಲ್ಲದು ಎಂಬುದಕ್ಕೆ ಅಮೆರಿಕದಲ್ಲೇ ಸಾಕ್ಷಿಯಿದೆ. 2009ರಲ್ಲಿ ಒಬಾಮಾ ಅವರ ಆರೋಗ್ಯ ಸುಧಾರಣೆಯ ಮಸೂದೆಯಲ್ಲಿ ಒಂದು ಸಾಧು ಕಲಮು ಇತ್ತು. ಹಿರಿಯರು ತಾವಾಗಿ ಬಯಸಿದರೆ ಅಂತ್ಯಕಾಲದ ಚಿಕಿತ್ಸೆಯ ಬಗ್ಗೆ ವೈದ್ಯರೊಡನೆ ಕೂತು ಮಾತನಾಡಬಹುದು, ಆ ಸಮಯಕ್ಕೆ ವೈದ್ಯರಿಗೆ ಮೆಡಿಕೇರ್ ಹಣ ಕೊಡುತ್ತದೆ ಎಂಬುದು ಅದರ ಸಾರ. ಸರ್ಕಾರ ಅಜ್ಜಿಯ ಪ್ಲಗ್ ಕೀಳಲು ಹೊರಟಿದೆ ಎಂಬ ಹುಯಿಲೆದ್ದಿತು. ಅಧ್ಯಕ್ಷರೇ ಸಭೆಯಲ್ಲಿ ನಿಂತು ಹಾಗಲ್ಲವೆಂದು ಹೇಳಬೇಕಾಯಿತು. ಹೇಳಿದ್ದು ನಾಟಲಿಲ್ಲ, ಕಲಮು ಬಿದ್ದುಹೋಯಿತು. ಅಂಥ ಸಮಾಲೋಚನೆಗೆ ಮೆಡಿಕೇರ್ ಹಣ ಕೊಡತೊಡಗಿದ್ದು 2016ರಲ್ಲಿ. ಇದಕ್ಕೂ ಮೊದಲು, 2005ರಲ್ಲಿ, ಫ್ಲಾರಿಡಾದ ಟೆರಿ ಶೈವೊ ಪ್ರಕರಣದಲ್ಲಿ ಸಂಸತ್ತು, ರಾಷ್ಟ್ರಾಧ್ಯಕ್ಷರು, ಬೀದಿಯ ಜನ ಎಲ್ಲರೂ ಇಳಿದು ಗುದ್ದಾಡಿದಾಗಲೂ ಜನರ ಬಾಯಲ್ಲಿದ್ದದ್ದು ಪ್ಲಗ್ಗೇ. ಆಕೆಗೆ ಉಸಿರಿನ ಯಂತ್ರವೇ ಇರಲಿಲ್ಲ. ಇದ್ದದ್ದು ಹೊಟ್ಟೆಗೆ ಆಹಾರ ಇಳಿಸುವ ಒಂದು ಕೊಳವೆ. ಅದನ್ನು ತೆಗೆದ ಹದಿಮೂರನೆಯ ದಿನ ಆಕೆ ತೀರಿಕೊಂಡಳು.

ಪ್ಲಗ್ಗೇ ಇಲ್ಲದ ಕಡೆ ಪ್ಲಗ್ಗಿನ ಚರ್ಚೆ ನಡೆದದ್ದು ನಮ್ಮ ದೇಶದಲ್ಲೂ ಉಂಟು, ಮತ್ತು ಅದರ ಕೇಂದ್ರದಲ್ಲಿದ್ದವಳು ನಮ್ಮ ಉತ್ತರ ಕನ್ನಡದ ಹೆಣ್ಣುಮಗಳು. ಹೊನ್ನಾವರದ ಬಳಿಯ ಹಳದಿಪುರದ ಅರುಣಾ ಶಾನಭಾಗ ನರ್ಸಿಂಗ್ ಓದಿ ಮುಂಬಯಿಯ ಕೆಇಎಂ ಆಸ್ಪತ್ರೆಯಲ್ಲಿ ಕೆಲಸಕ್ಕಿದ್ದರು. ವಯಸ್ಸು ಇಪ್ಪತ್ತೈದು. 1973ರ ನವೆಂಬರ್ 27ರ ರಾತ್ರಿ ಅದೇ ಆಸ್ಪತ್ರೆಯ ವಾರ್ಡ್ ಬಾಯ್ ಒಬ್ಬ ನಾಯಿಯ ಸರಪಳಿಯನ್ನು ಅವರ ಕುತ್ತಿಗೆಗೆ ಬಿಗಿದು ಲೈಂಗಿಕ ದೌರ್ಜನ್ಯ ಎಸಗಿದ. ಮೆದುಳಿಗೆ ರಕ್ತ ಹರಿಯದೆ ಆದ ಹಾನಿಯಿಂದ ಅವರು ಮತ್ತೆ ಚೇತರಿಸಿಕೊಳ್ಳಲಿಲ್ಲ. ಅಪರಾಧಿಗೆ ಕೊಲೆಯತ್ನ ಮತ್ತು ಸುಲಿಗೆಗಾಗಿ ಏಳು ವರ್ಷ ಶಿಕ್ಷೆಯಾಯಿತು. ಅತ್ಯಾಚಾರದ ಆರೋಪವನ್ನು ಹೊರಿಸಲೇ ಇಲ್ಲ. ಅರುಣಾ ಮಾತ್ರ ನಾಲ್ಕನೇ ವಾರ್ಡಿನ ಪಕ್ಕದ ಕೋಣೆಯಲ್ಲಿ ಉಳಿದರು. 2015ರ ಮೇ 18ರವರೆಗೆ, ನಲವತ್ತೊಂದು ವರ್ಷಗಳಿಗೂ ಹೆಚ್ಚು ಕಾಲ.

ಅವರ ಕಥೆಯನ್ನು ಪುಸ್ತಕವಾಗಿ ಬರೆದ ಪತ್ರಕರ್ತೆ ಪಿಂಕಿ ವಿರಾನಿ ಅವರು ಸುಪ್ರೀಂ ಕೋರ್ಟಿಗೆ ಹೋಗಿ, ಇನ್ನು ಆಕೆಗೆ ಆಹಾರ ಕೊಡುವುದನ್ನು ನಿಲ್ಲಿಸಿ ನೆಮ್ಮದಿಯಾಗಿ ಸಾಯಲು ಬಿಡಿ ಎಂದು ಕೇಳಿದರು. ಆಸ್ಪತ್ರೆಯ ದಾದಿಯರು ಒಪ್ಪಲಿಲ್ಲ. ಅರುಣಾ ತಾವೇ ಉಸಿರಾಡುತ್ತಿದ್ದರು. ನುಣ್ಣಗೆ ಮಾಡಿದ ಊಟವನ್ನು ದಾದಿಯರು ತಿನ್ನಿಸುತ್ತಿದ್ದರು, ಮೈ ಒರೆಸುತ್ತಿದ್ದರು, ಮಗ್ಗುಲು ಬದಲಿಸುತ್ತಿದ್ದರು. ಒಬ್ಬರು ನಿವೃತ್ತರಾದರೆ ಮತ್ತೊಬ್ಬರು. ಅರುಣಾ ಅವರನ್ನು ಆರೋಗ್ಯವಂತಳಾಗಿ ಕಂಡೇ ಇಲ್ಲದ ಹೊಸ ತಲೆಮಾರಿನ ಹುಡುಗಿಯರೂ ಆ ಕೆಲಸವನ್ನು ವಹಿಸಿಕೊಂಡರು. 2011ರ ಮಾರ್ಚ್ 7ರಂದು ನ್ಯಾಯಮೂರ್ತಿಗಳಾದ ಮಾರ್ಕಂಡೇಯ ಕಾಟ್ಜು ಮತ್ತು ಜ್ಞಾನಸುಧಾ ಮಿಶ್ರ ಅವರು ಅರ್ಜಿಯನ್ನು ತಳ್ಳಿಹಾಕಿದರು. ಆಕೆಯ ಪರವಾಗಿ ಮಾತನಾಡುವ ಹಕ್ಕು ಇಷ್ಟು ವರ್ಷ ನೋಡಿಕೊಂಡ ಆಸ್ಪತ್ರೆಯವರದ್ದು ಎಂದರು. ಆದರೆ ಅದೇ ತೀರ್ಪಿನಲ್ಲಿ, ಚೇತರಿಸಿಕೊಳ್ಳಲಾಗದ ರೋಗಿಗೆ ಕೊಡುತ್ತಿರುವ ಜೀವರಕ್ಷಕ ಚಿಕಿತ್ಸೆಯನ್ನು ಹೈಕೋರ್ಟಿನ ಒಪ್ಪಿಗೆ ಪಡೆದು ಹಿಂತೆಗೆಯಬಹುದು ಎಂಬ ಬಾಗಿಲನ್ನೂ ತೆರೆದರು. ಯಾರ ಹೆಸರಿನಲ್ಲಿ ಆ ಬಾಗಿಲು ತೆರೆಯಿತೋ ಆಕೆ ಮಾತ್ರ ಅದರ ಮೂಲಕ ಹೋಗಲಿಲ್ಲ.

ಪಿಂಕಿ ವಿರಾನಿಯವರು ಸರಿಯೋ, ದಾದಿಯರು ಸರಿಯೋ ಎಂದು ನನ್ನನ್ನು ಕೇಳಬೇಡಿ. ಇಬ್ಬರದೂ ಪ್ರೀತಿಯೇ. ನಾನು ಹೇಳಹೊರಟಿರುವುದು ಇಷ್ಟೆ: ಆ ದಿನಗಳಲ್ಲಿ ಟಿವಿಯವರು ‘ಪ್ಲಗ್ ಎಳೆಯಬೇಕೆ?’ ಎಂದು ಸಂಜೆಯ ಚರ್ಚೆ ನಡೆಸುತ್ತಿದ್ದಾಗ ಅಲ್ಲಿ ಎಳೆಯಬಹುದಾದ ಪ್ಲಗ್ ಯಾವುದು? ಚಮಚ ಹಿಡಿದ ದಾದಿಯ ಕೈಯೇ ಅಲ್ಲವೆ? ಕೋಪನ್‌ಹೇಗನ್ನಿನ ವಿದ್ಯಾರ್ಥಿಯ ಕೈಗೂ ಈ ಕೈಗೂ ಏನು ವ್ಯತ್ಯಾಸ?

ಆಮೇಲಿನ ಕಾನೂನಿನ ಕಥೆಯನ್ನು ಚುಟುಕಾಗಿ ಹೇಳಬಹುದು. 2018ರ ಮಾರ್ಚ್ 9ರಂದು ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ, ಘನತೆಯಿಂದ ಸಾಯುವುದೂ ಬದುಕುವ ಹಕ್ಕಿನ ಭಾಗವೇ ಎಂದು ಹೇಳಿ, ‘ಲಿವಿಂಗ್ ವಿಲ್’ಗೆ, ಎಂದರೆ ಪ್ರಜ್ಞೆಯಿರುವಾಗಲೇ ನನಗೆ ಇಂಥ ಚಿಕಿತ್ಸೆ ಬೇಡವೆಂದು ಬರೆದಿಡುವ ಉಯಿಲಿಗೆ, ಮಾನ್ಯತೆ ಕೊಟ್ಟಿತು. ಆದರೆ ವಿಧಿಸಿದ ಕ್ರಮಗಳು ಎಷ್ಟು ಜಟಿಲವಾಗಿದ್ದವೆಂದರೆ ರೋಗಿಯ ಆಯುಸ್ಸೇ ಮೊದಲು ಮುಗಿಯುವಂತಿತ್ತು. 2023ರ ಜನವರಿ 24ರಂದು ನ್ಯಾಯಾಲಯವೇ ಅವನ್ನು ಸರಳಗೊಳಿಸಿತು. ಉಯಿಲಿಗೆ ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ಸಹಿ ಸಾಕು. ಆಸ್ಪತ್ರೆಯ ಮೂವರು ವೈದ್ಯರ ಒಂದು ಮಂಡಳಿ, ಅದನ್ನು ಪರಿಶೀಲಿಸಲು ಮತ್ತೆ ಮೂವರ ಇನ್ನೊಂದು. ಎರಡನೆಯದರಲ್ಲಿ ಜಿಲ್ಲೆಯ ವೈದ್ಯಾಧಿಕಾರಿ ಸೂಚಿಸಿದ ಒಬ್ಬರು. ಮನೆಯವರ ಒಪ್ಪಿಗೆ, ಮ್ಯಾಜಿಸ್ಟ್ರೇಟರಿಗೆ ತಿಳುವಳಿಕೆ. ಇದನ್ನು ಜಾರಿಗೆ ತರುವ ಸುತ್ತೋಲೆಯನ್ನು ಕರ್ನಾಟಕದ ಆರೋಗ್ಯ ಇಲಾಖೆ 2025ರ ಜನವರಿ 30ರಂದು ಹೊರಡಿಸಿತು. ಕೂಡಲೇ ಎಲ್ಲೆಡೆ ‘ರಾಜ್ಯದಲ್ಲಿ ದಯಾಮರಣಕ್ಕೆ ಅಸ್ತು’ ಎಂಬ ಧಾಟಿಯ ಮಾತು ಹಬ್ಬಿತು. ಇದು ದಯಾಮರಣವಲ್ಲ ಎಂದು ಸಚಿವರು ವಿವರಿಸಬೇಕಾಯಿತು. ಇಂಗ್ಲಿಷಿನ ಪ್ಲಗ್ಗಿಗಿಂತ ನಮ್ಮ ಈ ಸಂಸ್ಕೃತ ಪದ ಏನೂ ಮೇಲಲ್ಲ. ‘ದಯಾಮರಣ’ ಎಂದೊಡನೆ ಕೊಡುವವನೊಬ್ಬ, ಬೇಡುವವನೊಬ್ಬ ಕಣ್ಣಮುಂದೆ ನಿಲ್ಲುತ್ತಾರೆ. ಚಿಕಿತ್ಸೆಯನ್ನು ಬೇಡವೆನ್ನುವುದು ಹಕ್ಕು. ಅದರಲ್ಲಿ ಯಾರ ದಯೆಯ ಪ್ರಶ್ನೆಯೂ ಇಲ್ಲ.

ಹಾಗಾದರೆ ನಾವು ಕನ್ನಡಿಗರು ಈ ಸಂದರ್ಭದಲ್ಲಿ ನಿಜವಾಗಿ ಬಳಸುವ ಮಾತು ಯಾವುದು? ಆ ದಿನಗಳಲ್ಲಿ ಐಸಿಯು ಹೊರಗಿನ ಕಬ್ಬಿಣದ ಕುರ್ಚಿಗಳ ಮೇಲೆ ಕುಳಿತು ಅಕ್ಕಪಕ್ಕದವರ ಮಾತು ಕೇಳಿದ ಮೇಲೆ ನನಗೆ ಸಂದೇಹವೇ ಉಳಿದಿಲ್ಲ. ಆ ಮಾತು ‘ಮನೆಗೆ ಕರೆದುಕೊಂಡು ಹೋಗಿ’ ಎಂಬುದು. ವೈದ್ಯರು ಇದನ್ನು ಎರಡು ಸ್ವರದಲ್ಲಿ ಹೇಳುತ್ತಾರೆ. ಒಂದು ಸ್ವರದಲ್ಲಿ ಹೇಳಿದರೆ ಬಾಳೆಹಣ್ಣು, ಸಿಹಿ ಹಂಚುತ್ತಾರೆ. ಇನ್ನೊಂದು ಸ್ವರದಲ್ಲಿ ಹೇಳಿದರೆ ಹೆಂಗಸರು ಸೆರಗು ಬಾಯಿಗೆ ಒತ್ತಿಕೊಳ್ಳುತ್ತಾರೆ. ಮಂಡ್ಯದ ಕಡೆಯ ಒಬ್ಬ ರೈತ ನನ್ನ ಪಕ್ಕದಲ್ಲಿ ಕುಳಿತು, ‘ಮನೆಗೆ ಕರ್ಕೊಂಡೋಗಿ ಅಂದ್ಬುಟ್ರು ಸಾ’ ಎಂದಾಗ ಯಾವ ಸ್ವರವೆಂದು ನಾನು ಕೇಳಬೇಕಾಗಲಿಲ್ಲ.

ಆ ಮಾತಿನ ವಾಚ್ಯಾರ್ಥವೂ ನಡೆಯುತ್ತದೆ ಎಂಬುದೇ ಅದರ ಕ್ರೌರ್ಯ. ಮನೆಯವರು ಒಂದು ಕಾಗದಕ್ಕೆ ಸಹಿ ಹಾಕುತ್ತಾರೆ. ‘ವೈದ್ಯರ ಸಲಹೆಗೆ ವಿರುದ್ಧವಾಗಿ’ ರೋಗಿಯನ್ನು ಬಿಡಿಸಿಕೊಂಡು ಹೋಗುತ್ತಿದ್ದೇವೆ ಎಂದು ಅದರಲ್ಲಿ ಬರೆದಿರುತ್ತದೆ. ಸಲಹೆ ಕೊಟ್ಟವರು ಅದೇ ವೈದ್ಯರು. ಆಂಬುಲೆನ್ಸಿನಲ್ಲಿ ಒಬ್ಬ ಕೈಯಿಂದ ಅಂಬು ಬ್ಯಾಗು ಒತ್ತುತ್ತ ಕೂರುತ್ತಾನೆ. ನೂರು ಕಿಲೋಮೀಟರು ದಾಟಿ ಊರು ತಲುಪಿ, ಪಡಸಾಲೆಯಲ್ಲಿ ಚಾಪೆ ಹಾಸಿ ಮಲಗಿಸಿ, ಬಾಯಿಗೆ ನಾಲ್ಕು ಹನಿ ನೀರು ಬಿಟ್ಟ ಮೇಲೆ ಅವನು ಮನೆಯವರ ಮುಖ ನೋಡುತ್ತಾನೆ. ಯಾರೋ ಒಬ್ಬರು ತಲೆಯಾಡಿಸುತ್ತಾರೆ. ಅವನು ಕೈ ಬಿಡುತ್ತಾನೆ. ಕೈಬಿಡು ಎಂಬ ಪದದ ಎರಡು ಅರ್ಥಗಳೂ, ಹಿಡಿದದ್ದನ್ನು ಸಡಿಲಿಸುವುದು ಮತ್ತು ನಂಬಿದವರನ್ನು ತೊರೆಯುವುದು, ಆ ಒಂದು ಕ್ಷಣದಲ್ಲಿ ಒಂದರ ಮೇಲೊಂದು ಕೂತುಬಿಡುತ್ತವೆ. ತಲೆಯಾಡಿಸಿದ ಆ ಮಗನೋ ಅಣ್ಣನೋ ಮುಂದೆ ಎಷ್ಟು ವರ್ಷ ಅದನ್ನು ಹೊತ್ತು ತಿರುಗಬೇಕೋ. ರೋಗಿಯ ಸಂಕಟ ತಗ್ಗಿಸಲು ಅಲ್ಲಿ ಮಾರ್ಫಿನ್ ಇಲ್ಲ, ನರ್ಸ್ ಇಲ್ಲ, ಮುಂದೇನಾಗುತ್ತದೆಂದು ಹೇಳುವವರಿಲ್ಲ. ಬೆಂಗಳೂರಿನ ಕರುಣಾಶ್ರಯದಂಥ ಸಂಸ್ಥೆಗಳು ಕ್ಯಾನ್ಸರ್ ರೋಗಿಗಳ ಕೊನೆಯ ದಿನಗಳನ್ನು ಹಣ ಪಡೆಯದೆ ಹಸನುಗೊಳಿಸುತ್ತ ಬಂದಿವೆ. 2014ರಲ್ಲಿ ಮಾದಕ ವಸ್ತುಗಳ ಕಾಯ್ದೆಗೆ ತಿದ್ದುಪಡಿಯಾಗಿ ನೋವು ನಿವಾರಣೆಗೆ ಮಾರ್ಫಿನ್ ಪಡೆಯುವ ದಾರಿಯೂ ಸುಗಮವಾಯಿತು. ಆ ಚಾಪೆಯ ತನಕ ಮಾತ್ರ ಇವು ಯಾವುವೂ ತಲುಪಿಲ್ಲ.

ಕನ್ನಡಕ್ಕೆ ಸಾವಿನ ಬಗ್ಗೆ ಸೂಕ್ಷ್ಮವಾದ ಮಾತಿಲ್ಲವೆಂದಲ್ಲ. ನಮ್ಮ ಅಜ್ಜಿಯರು ದೀಪ ಆರಿಸು ಎನ್ನುತ್ತಿರಲಿಲ್ಲ. ‘ದೀಪ ದೊಡ್ಡದು ಮಾಡು’ ಎನ್ನುತ್ತಿದ್ದರು. ನಿಲ್ಲಿಸಿದ ಯೋಜನೆಗೆ ನಾವು ‘ಮಂಗಳ ಹಾಡುತ್ತೇವೆ’, ‘ತೆರೆ ಎಳೆಯುತ್ತೇವೆ’, ಕೋಪ ಬಂದರೆ ‘ಎಳ್ಳುನೀರು ಬಿಡುತ್ತೇವೆ’. ಇವೆಲ್ಲ ಆಟ ಮುಗಿದ ಮೇಲಿನ, ಕರ್ಮ ಮುಗಿಸಿದ ಮಾತುಗಳು. ನಡುವೆ ಕಿತ್ತೆಸೆಯುವ ಮಾತುಗಳಲ್ಲ. ಶ್ರವಣಬೆಳಗೊಳದ ಹಳೆಯ ಶಾಸನಗಳಲ್ಲಿ ವ್ರತ ತೊಟ್ಟು ದೇಹ ಬಿಟ್ಟವರ ಬಗ್ಗೆ ‘ಮುಡಿಪಿದರ್’ ಎಂಬ ಕ್ರಿಯಾಪದ ಬರುತ್ತದೆ. ಮುಗಿಸಿದರು, ಪೂರೈಸಿದರು ಎಂದರ್ಥ. ಇಂದಿಗೂ ನಾವು ‘ಕೊನೆಯುಸಿರೆಳೆದರು’ ಎನ್ನುತ್ತೇವೆ. ಇಂಗ್ಲಿಷಿನವರದೂ ಎಳೆಯುವುದೇ, ನಮ್ಮದೂ ಎಳೆಯುವುದೇ. ಆದರೆ ಅಲ್ಲಿ ಎಳೆಯುವವನು ಬೇರೊಬ್ಬ, ಸಾಯುವವನು ವಾಕ್ಯದಲ್ಲೇ ಇಲ್ಲ. ಇಲ್ಲಿ ಎಳೆಯುವವರು ಹೊರಡುವವರೇ. ವ್ಯಾಕರಣದ ಈ ಸಣ್ಣ ವ್ಯತ್ಯಾಸ ಉಳಿಯುವವರ ಮನಸ್ಸಿಗೆ ಸಣ್ಣದಲ್ಲ.

ಚಿಕ್ಕಪ್ಪನವರ ವಿಷಯದಲ್ಲಿ ನಮಗೆ ಸಿಕ್ಕಿದ ಅದೃಷ್ಟವೆಂದರೆ ಕನ್ನಡ ಬಲ್ಲ ಒಬ್ಬ ಹಿರಿಯ ವೈದ್ಯೆ. ಎರಡು ಮಂಡಳಿಗಳೂ ಕೂತು, ಕಾಗದಪತ್ರ ಮುಗಿಯಲು ಐದು ದಿನ ಹಿಡಿದವು. ಆಸ್ಪತ್ರೆಯವರಿಗೂ ಇದು ಹೊಸದು. ಕೊನೆಯ ಸಹಿಗೆ ಮೊದಲು ಆಕೆ ಚಿಕ್ಕಮ್ಮನನ್ನು ಪಕ್ಕದ ಕೋಣೆಗೆ ಕರೆದು ಕೂರಿಸಿದರು. ಮೆದುಳು ಇನ್ನು ಮರಳುವುದಿಲ್ಲ, ಯಂತ್ರ ರೋಗವನ್ನು ವಾಸಿಮಾಡುತ್ತಿಲ್ಲ, ಸಾವನ್ನು ತಡೆದು ನಿಲ್ಲಿಸಿದೆ ಅಷ್ಟೆ ಎಂದು ನಿಧಾನವಾಗಿ ಹೇಳಿದರು. ಚಿಕ್ಕಮ್ಮ ಎಲ್ಲವನ್ನೂ ಕೇಳಿ ಒಂದೇ ಪ್ರಶ್ನೆ ಕೇಳಿದರು: ‘ಪ್ಲಗ್ಗು ಯಾರು ಕೀಳ್ತಾರ್ರೀ ಡಾಕ್ಟ್ರೇ?’ ವೈದ್ಯೆಗೆ ಒಂದು ಕ್ಷಣ ಅರ್ಥವಾಗಲಿಲ್ಲ. ಅರ್ಥವಾದ ಮೇಲೆ, ಯಾರೂ ಕೀಳುವುದಿಲ್ಲಮ್ಮ, ನೀವೇ ನೋಡುತ್ತೀರಿ ಎಂದರು.

ಅಂದು ಮಧ್ಯಾಹ್ನ ಔಷಧಿ ಕೊಟ್ಟು, ಯಂತ್ರದ ನೆರವನ್ನು ತಗ್ಗಿಸುತ್ತ ಬಂದು, ಸಂಜೆಯ ಹೊತ್ತಿಗೆ ಗಂಟಲಿನ ಕೊಳವೆ ತೆಗೆದರು. ನರ್ಸ್ ಮುಖ ಒರೆಸಿ ತಲೆ ಬಾಚಿದಳು. ಚಿಕ್ಕಪ್ಪ ತಮ್ಮ ಪಾಡಿಗೆ ತಾವು ಉಸಿರಾಡಿದರು, ರಾತ್ರಿಯಿಡೀ. ಭೇಟಿಯ ಹತ್ತು ನಿಮಿಷದ ನಿಯಮವನ್ನು ಯಾರೂ ಎತ್ತಲಿಲ್ಲ. ಚಿಕ್ಕಮ್ಮ ಕೈ ಹಿಡಿದು ಕುಳಿತಿದ್ದರು. ಬೆಳಗಿನ ಜಾವ ಉಸಿರು ವಿರಳವಾಗುತ್ತ ಬಂದು, ಐದೂವರೆಯ ಹೊತ್ತಿಗೆ ಇನ್ನೊಂದು ಬರಬಹುದೆಂದು ನಾವು ಕಾಯುತ್ತಿರುವಾಗಲೇ ನಿಂತುಹೋಯಿತು.

ನ್ಯೂಜೆರ್ಸಿಗೆ ನಾನು ಫೋನು ಮಾಡಿದೆ. ಅವನಿಗೆ ಮಾತು ಹೊರಡಲಿಲ್ಲ. ಚಿಕ್ಕಮ್ಮ ನನ್ನ ಕೈಯಿಂದ ಫೋನು ತೆಗೆದುಕೊಂಡರು. ‘ಅಳಬೇಡ ಕಣೋ’ ಎಂದರು. ‘ಯಾರೂ ಏನೂ ಕೀಳಲಿಲ್ಲ. ನಾನು ಪಕ್ಕದಲ್ಲೇ ಇದ್ದೆ. ಅವರೇ ಹೊರಟರು.’